ಹಳೆಯ ಬಂಡಿಯ ಗ್ರಂಥಸಂಪಾದನೆ

(ಆಕಾಶವಾಣಿ ಭಾಷಣ)

ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಮೈಕಿನ ಮುಂದೆ ಕುಳಿತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳಿಯಾನೆಂದು ಶ್ರೋತೃಗಳು ನಿರೀಕ್ಷಿಸುವುದು ಸಹಜ. ಇಂದು ನಾನು ಮಾತನಾಡಲು ಹೊರಟಿರುವುದು ಒಂದು ಹಳೆಯ ಫಟಫಟಿಯನ್ನು ಕುರಿತು. ಅದನ್ನು ನಿವೃತ್ತಿವೇತನದ ಮಿತಿಯೊಳಗೆ ಮರಳಿ ಓಡುವಂತೆ ಮಾಡಲು ಹೋಗಿ ನಾನು ಕಲಿತ ಒಂದೆರಡು ಸಂಗತಿಗಳನ್ನು ತಮ್ಮೆದುರು ಇಡಬೇಕೆಂದಿದ್ದೇನೆ.

ಹಳೆಯ ವಾಹನಗಳನ್ನು ಜೀರ್ಣೋದ್ಧಾರ ಮಾಡುವ ಹವ್ಯಾಸ ಲೋಕದಲ್ಲೆಲ್ಲ ಇದೆ. 1969ರಲ್ಲಿ ಜಪಾನಿನ ನಿಸ್ಸಾನ್ ಸಂಸ್ಥೆ ಫೇರ್‌ಲೇಡಿ ಝಡ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಅಮೆರಿಕದಲ್ಲಿ ಅದು ಡಾಟ್ಸನ್ 240 ಝಡ್ ಎಂದು ಹೆಸರಾಯಿತು. ಸಾಮಾನ್ಯ ಸಂಬಳದವನಿಗೂ ವೇಗದ ಸುಖ ದೊರಕಿಸಿದ ಕಾರು ಅದು. ಎಷ್ಟೋ ವರ್ಷಗಳ ಮೇಲೆ, 1990ರ ದಶಕದಲ್ಲಿ, ಅದೇ ಸಂಸ್ಥೆ ತನ್ನ ಹಳೆಯ ಕಾರುಗಳನ್ನೇ ಹುಡುಕಿ ಕೊಂಡು, ಹೊಸದರಂತೆ ಸಿದ್ಧಪಡಿಸಿ ಮತ್ತೆ ಮಾರಿತೆಂದರೆ ಜನರ ಹಂಬಲ ಎಂಥದೆಂದು ಊಹಿಸಬಹುದು. ಅಂಥ ಕಾರುಗಳು ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಧೂಳನ್ನು ಕಂಡವಲ್ಲ. ನಮ್ಮಲ್ಲಿಗೆ ಜಪಾನಿನ ವೇಗ ಬಂದದ್ದು ಎರಡು ಚಕ್ರಗಳ ಮೇಲೆ. 1983ರಲ್ಲಿ ರಾಜದೂತ್ 350 ಬಂದಿತು; ಅದು ಯಮಾಹಾ ಸಂಸ್ಥೆಯ ಆರ್‌ಡಿ 350 ಬಂಡಿಯ ಭಾರತೀಯ ಅವತಾರ. ಅದರ ಪೆಟ್ರೋಲಿನ ದಾಹವನ್ನು ತಣಿಸುವ ಶಕ್ತಿ ನಮ್ಮ ಜನಕ್ಕಿರಲಿಲ್ಲ. ಆಮೇಲೆ 1984ರಿಂದ ಎರಡು ವರ್ಷಗಳಲ್ಲಿ ನೂರು ಸಿ.ಸಿ.ಯ ನಾಲ್ಕು ಬಂಡಿಗಳು ಒಂದರ ಹಿಂದೊಂದು ಬಂದವು: ಇಂಡ್ ಸುಜುಕಿ, ಹೀರೋ ಹೋಂಡಾ, ಯಮಾಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಇವುಗಳಲ್ಲಿ ತರುಣರ ಎದೆಯನ್ನು ಗೆದ್ದದ್ದು ಎಸ್ಕಾರ್ಟ್ಸ್ ಸಂಸ್ಥೆ 1985ರ ಕೊನೆಯಲ್ಲಿ ಬಿಡುಗಡೆ ಮಾಡಿದ ಆರ್‌ಎಕ್ಸ್ 100.

ಅದರಲ್ಲಿ ಅಂಥದೇನಿತ್ತೆಂದು ಕೇಳಬಹುದು. ಸಿಲಿಂಡರಿನ ವ್ಯಾಸ 50 ಮಿಲಿಮೀಟರು, ಪಿಸ್ಟನ್ನಿನ ಏರಿಳಿತವೂ 50 ಮಿಲಿಮೀಟರು. ಒಟ್ಟು 98 ಸಿ.ಸಿ. ಬಲ ಸುಮಾರು ಹನ್ನೊಂದು ಅಶ್ವಶಕ್ತಿ, ತೂಕ ಸುಮಾರು ನೂರು ಕಿಲೋ. ಇಂದಿನ ಬಹುತೇಕ ಬಂಡಿಗಳಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಮ್ಮೆ ಇಂಧನ ಹೊತ್ತಿಕೊಳ್ಳುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಹೊತ್ತಿಕೊಳ್ಳುತ್ತದೆ. ಹಗುರವಾದ ಮೈ, ಬಿಡುವಿಲ್ಲದ ಉಸಿರು, ಇವೆರಡರ ಕೂಟವೇ ಅದರ ಚುರುಕು. ಆದರೆ ಅದು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಟ್ಟು ನೀಲಿ ಹೊಗೆಯುಗುಳುತ್ತದೆ ಎಂಬುದನ್ನು ಮುಚ್ಚಿಡಲಾಗದು. ಹೊಗೆಯ ಕಟ್ಟಳೆಗಳು ಬಿಗಿಯಾದಾಗ, 1996ರಲ್ಲಿ, ಅದರ ತಯಾರಿಕೆ ನಿಂತಿತು.

ನಾನು ಆರ್‌ಎಕ್ಸ್ 100 ಕೊಂಡದ್ದು 1991ರಲ್ಲಿ, ಕೆಂಪು ಬಣ್ಣದ್ದು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಹಾಗಾಗಿ ಬಂಡಿಯ ಸಂಖ್ಯೆ ಕೆಎ 25ರಿಂದ ಮೊದಲಾಗುತ್ತದೆ. 1997ರಲ್ಲಿ ನಮಗೆ ಸ್ವಂತ ಜಿಲ್ಲೆಯಾಯಿತು, ಕೆಎ 27 ಬಂತು. ಬಂಡಿಯ ಹಣೆಯ ಮೇಲೆ ಮಾತ್ರ ಹಳೆಯ ಜಿಲ್ಲೆಯೇ ಉಳಿಯಿತು. ಅದರ ಮೇಲೆ ಕುಳಿತು ನಾನು ಹಾವೇರಿಯಿಂದ ರಾಣೆಬೆನ್ನೂರಿಗೆ ಎಷ್ಟು ಸಾರಿ ಹೋಗಿ ಬಂದೆನೋ ಲೆಕ್ಕವಿಲ್ಲ.

1999ರಲ್ಲಿ ಸೆಕೆಂಡ್‌ಹ್ಯಾಂಡ್ ಮಾರುತಿ ಕಾರೊಂದನ್ನು ಕೊಳ್ಳುವ ಉಮೇದು ನನಗೆ ಬಂತು. ಬ್ಯಾಡಗಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನನ್ನ ತಮ್ಮ, “ಅಣ್ಣಾ, ಫಟಫಟಿ ನನಗ ಕೊಡು” ಎಂದ. ಕೊಟ್ಟೆ. ಕೊಟ್ಟೆನೆಂದರೆ ಮಾರಿದೆ. ಹನ್ನೆರಡು ಸಾವಿರ ರೂಪಾಯಿ, ತಿಂಗಳಿಗೆ ಐನೂರರಂತೆ. ನಾನು ಸಂಬಳದವನು, ಅವನು ಮಳೆಯನ್ನು ನಂಬಿದವನು. ಆದರೂ ಎರಡು ವರ್ಷ ತಪ್ಪದೆ ಕೊಟ್ಟು ತೀರಿಸಿದ. ಆಗ ಅದರಲ್ಲಿ ನನಗೆ ಅನುಚಿತವೇನೂ ಕಾಣಲಿಲ್ಲ. ವ್ಯವಹಾರವು ವ್ಯವಹಾರದಂತಿದ್ದರೆ ಅಣ್ಣತಮ್ಮಂದಿರ ಸಂಬಂಧ ಕೆಡುವುದಿಲ್ಲವೆಂದು ನಾನೇ ನಾಲ್ಕು ಜನರಿಗೆ ಉಪದೇಶಿಸುತ್ತಿದ್ದೆ.

ತಮ್ಮ 2023ರಲ್ಲಿ ತೀರಿಕೊಂಡ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅವನ ಮಗ ನನ್ನನ್ನು ದನದ ಕೊಟ್ಟಿಗೆಗೆ ಕರೆದೊಯ್ದ. ಅಲ್ಲಿ ಮೆಕ್ಕೆಜೋಳದ ಚೀಲಗಳ ಹಿಂದೆ ಬಂಡಿ ನಿಂತಿತ್ತು. ಟ್ಯಾಂಕಿನ ಕೆಂಪು ಬಣ್ಣ ಹಾರಿ ಜಂಗು ಹಿಡಿದಿತ್ತು. ಟೈರುಗಳು ಬಿರಿದಿದ್ದವು. ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು. ಹಿಂಬದಿಗೆ ತಮ್ಮ ದಪ್ಪ ಕಬ್ಬಿಣದ ಸರಳುಗಳಿಂದ ಒಂದು ಕ್ಯಾರಿಯರ್ ಬೆಸೆಸಿದ್ದ. ಮಾರುಕಟ್ಟೆಯ ದಿನ ಮೆಣಸಿನಕಾಯಿ ಚೀಲವನ್ನು ಅದರ ಮೇಲೆ ಕಟ್ಟಿಕೊಂಡು ಬ್ಯಾಡಗಿಗೆ ಹೋಗುತ್ತಿದ್ದ. ಬೇರೆ ದಿನಗಳಲ್ಲಿ ಹಾಲಿನ ಕ್ಯಾನು.

ಹುಡುಗ ಬಂಡಿಯ ಕಾಗದಪತ್ರಗಳ ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗಿತ್ತ. ಹದಿನೈದು ವರ್ಷ ತುಂಬಿದ ಬಂಡಿಯ ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಬೇಕಷ್ಟೆ. 2021ರಲ್ಲಿ, ಬಂಡಿ ಕೊಟ್ಟಿಗೆ ಸೇರಿ ವರ್ಷಗಳೇ ಕಳೆದಿದ್ದರೂ, ಅದನ್ನು ಹೇಗೋ ಸಜ್ಜುಗೊಳಿಸಿ ಕಚೇರಿಗೆ ಒಯ್ದು ತೋರಿಸಿ ತಮ್ಮ ನವೀಕರಿಸಿ ತಂದಿದ್ದ. ಆ ಪತ್ರದ ಹಿಂದೆ ದಾರದಲ್ಲಿ ಕಟ್ಟಿದ ಒಂದು ಸಣ್ಣ ಕಟ್ಟು ಇತ್ತು. ಬಿಚ್ಚಿ ನೋಡಿದೆ. “ರೂ. 500 ಮುಟ್ಟಿತು” ಎಂದು ನಾನೇ ಬರೆದುಕೊಟ್ಟ ಚೀಟಿಗಳು. ಎಣಿಸಿದೆ. ಇಪ್ಪತ್ತನಾಲ್ಕೂ ಇದ್ದವು.

ಬಂಡಿಯನ್ನು ಸರಿಪಡಿಸುವ ಖರ್ಚು ನನ್ನದೆಂದು ಅಲ್ಲಿಯೇ ಹೇಳಿದೆ. “ಯಾಕ್ರಿ ದೊಡ್ಡಪ್ಪಾ?” ಎಂದು ಹುಡುಗ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಮಿತಿ ಮೂವತ್ತೈದು ಸಾವಿರ ಎಂದು ಗೊತ್ತುಮಾಡಿಕೊಂಡೆ.

ನಾನು ತರಗತಿಯಲ್ಲಿ ಪ್ರೀತಿಯಿಂದ ಕಲಿಸುತ್ತಿದ್ದ ವಿಷಯ ಗ್ರಂಥಸಂಪಾದನೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮೇಜಿನ ಮೇಲಿಟ್ಟುಕೊಂಡು, ಕವಿ ಬರೆದದ್ದಾವುದು, ಲಿಪಿಕಾರ ತಿದ್ದಿದ್ದಾವುದು, ನಡುವೆ ಬಂದು ಸೇರಿದ ಪ್ರಕ್ಷಿಪ್ತವಾವುದು ಎಂದು ಬಿಡಿಸಿ ತೋರಿಸುತ್ತಿದ್ದೆ. ಬಂಡಿಯೂ ಓಲೆಗರಿಯ ಪ್ರತಿಯೇ ಎಂದುಕೊಂಡೆ. ಎಂಜಿನ್ನಿನ ಮೇಲೂ ಚಾಸಿಯ ಮೇಲೂ ಕೊರೆದ ಸಂಖ್ಯೆಗಳು ಪುಷ್ಪಿಕೆಯಂತೆ. ಅವು ನೋಂದಣಿ ಪತ್ರದೊಡನೆ ತಾಳೆಯಾಗದಿದ್ದರೆ ಉಳಿದುದೆಲ್ಲ ವ್ಯರ್ಥ. ನಮ್ಮದರಲ್ಲಿ ತಾಳೆಯಾದವು.

ರಾಣೆಬೆನ್ನೂರಿನ ಹಿರಿಯ ಮಿಸ್ತ್ರಿಯೊಬ್ಬರು ಕೆಲಸ ಹಿಡಿದರು. ಅವರು ಎಂಜಿನ್ ಬಿಚ್ಚಿ ಮೊದಲು ನೋಡಿದ್ದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳನ್ನು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಕ್ರ್ಯಾಂಕಿನ ಕೋಣೆಯನ್ನು ಹಾದೇ ಮೇಲೇರುತ್ತದೆ. ಸೀಲು ಒಣಗಿ ಬಿರಿದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹತ್ತಾರು ಸಾವಿರ ಸುರಿದು ಬಣ್ಣ ಬಳಿದ ಎಷ್ಟೋ ಬಂಡಿಗಳು ಅಗ್ಗದ ಈ ರಬ್ಬರಿನ ಉಂಗುರವನ್ನು ಅಲಕ್ಷಿಸಿ ಕೆಟ್ಟಿವೆಯೆಂದು ಅವರು ಹೇಳಿದರು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುವುದರಿಂದ ಹಳೆಯ ಕಾಲದ ರಬ್ಬರು ಬೇಗ ಹಾಳಾಗುತ್ತದೆಂದು ಪೆಟ್ರೋಲಿನ ಕೊಳವೆಯನ್ನೂ ಕಾರ್ಬ್ಯುರೇಟರಿನ ವಾಶರುಗಳನ್ನೂ ಬದಲಿಸಿದರು.

ಸಿಲಿಂಡರನ್ನು ಬೋರಿಂಗ್ ಅಂಗಡಿಗೆ ಒಯ್ದೆವು. ಅಂಗಡಿಯ ಮೂಲೆಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತು ಇನ್ನೂ ತಿರುಗುತ್ತಿತ್ತು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆ ಮುಚ್ಚಿಹೋಗಿದೆ. ಅದು ಹೆತ್ತ ಯಂತ್ರ ಹೊಳೆಯ ಈಚೆಗೆ ಅನ್ನ ದುಡಿಯುತ್ತಿದೆ. ಸವೆದ ಸಿಲಿಂಡರನ್ನು ಕಾಲು ಕಾಲು ಮಿಲಿಮೀಟರಿನಂತೆ ಕೊರೆದು ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ಪದ್ಧತಿ. ತಮ್ಮ ಆಗಲೇ ಎರಡು ಸಲ ಕೊರೆಸಿದ್ದ. ಒಂದೊಂದು ಸಲ ಕೊರೆದಾಗಲೂ ಗೋಡೆ ತೆಳುವಾಗುವುದರಿಂದ ಇದನ್ನು ಕೊನೆಯಿಲ್ಲದೆ ಮಾಡಲಾಗದು.

ಬಿಡಿಭಾಗಗಳಿಗಾಗಿ ಹುಡುಗ ಹುಬ್ಬಳ್ಳಿಯನ್ನೂ ಬೆಂಗಳೂರಿನ ಜೆ. ಸಿ. ರಸ್ತೆಯನ್ನೂ ಸುತ್ತಿ ಬಂದ. ಹಳೆಯ ಡಬ್ಬಿಯಲ್ಲಿ ಹೊಸ ನಕಲಿ ಮಾಲು ತುಂಬಿ ಮಾರುವವರೂ ಇದ್ದಾರೆ. ಟ್ಯಾಂಕಿನ ಜಂಗಿಗೆ ನಾವು ಹಣ ಕೊಡಲಿಲ್ಲ; ಹುಣಿಸೆಹಣ್ಣಿನ ನೀರು, ಒಂದು ಹಿಡಿ ಹರಳು ಹಾಕಿ ಎರಡು ದಿನ ಕುಲುಕಿದೆವು. ತಾಮ್ರದ ಕೊಡಕ್ಕೆ ನಮ್ಮ ಹೆಣ್ಣುಮಕ್ಕಳು ಮಾಡುವುದೂ ಅದನ್ನೇ ಅಲ್ಲವೆ?

ಇನ್ನು ಬಂಡಿಯ ರೂಪದ ಪ್ರಶ್ನೆ. ಹುಡುಗನಿಗೆ ಮಿರುಗದ ಕಪ್ಪು ಬಣ್ಣ ಬೇಕು, ಗುಡುಗುವ ಸೈಲೆನ್ಸರ್ ಬೇಕು, ತಗ್ಗಿದ ಹ್ಯಾಂಡಲ್ ಬೇಕು. ನನಗೆ 1991ರಲ್ಲಿ ಅಂಗಡಿಯಿಂದ ಹೊರಬಿದ್ದ ಬಂಡಿಯೇ ಬೇಕು. ತಯಾರಕರು ನಮೂದಿಸಿದ ರಚನೆಯನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಒಪ್ಪುವುದಿಲ್ಲವೆಂದು ಹೇಳಿ ಅರ್ಧ ವಾದ ಗೆದ್ದೆ. ಬಣ್ಣದ ಬಗ್ಗೆ, ಚೆನ್ನಾಗಿ ಒಣಗಿದ ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯನ್ನೇ ಪೇಂಟರನ ಮುಂದಿಟ್ಟು “ಇಂಥ ಕೆಂಪು” ಎಂದೆ. ಅದಕ್ಕೆ ಹುಡುಗನೂ ಒಪ್ಪಿದ. ಹೆಚ್ಚು ಬೆಳಕಿನ ಹೆಡ್‌ಲೈಟ್ ಬಲ್ಬು, ಹೊಸ ನಮೂನೆಯ ಮೆತ್ತನೆಯ ಸೀಟು, ಇವು ಅವನ ಪಾಲಿನ ತಿದ್ದುಪಡಿಗಳು, ಒಪ್ಪಿಕೊಂಡೆ.

ಉಳಿದದ್ದು ಕ್ಯಾರಿಯರ್. “ಸರ್ರ, ಇದನ್ನ ಕತ್ತರಿಸಿ ಒಗದ್ರ ಗಾಡಿ ಕಂಪನಿಯಿಂದ ಬಂದಂಗ ಕಾಣ್ತೈತ್ರಿ” ಎಂದರು ಮಿಸ್ತ್ರಿ. ನಾನು ಹೂಂ ಎಂದೆ. ಅದು ಮೂಲದಲ್ಲಿಲ್ಲದ ಭಾಗ, ಪ್ರಕ್ಷಿಪ್ತ, ಕಿತ್ತುಹಾಕುವುದೇ ಶಾಸ್ತ್ರ. ಗ್ರೈಂಡರಿನ ಚಕ್ರ ಸರಳಿಗೆ ಇನ್ನೇನು ತಗಲಬೇಕು, ಅಷ್ಟರಲ್ಲಿ ಹುಡುಗ ಮಿಸ್ತ್ರಿಯ ಕೈ ಹಿಡಿದ. “ಅದನ್ನ ಮುಟ್ಟಬ್ಯಾಡ್ರಿ. ನಾ ಅದರ ಮ್ಯಾಲೆ ಕೂತು ಸಾಲಿಗೆ ಹೋಗೀನಿ” ಎಂದ.

ಅಲ್ಲಿಯತನಕ ಕಪ್ಪು ಬಣ್ಣಕ್ಕಾಗಿ ಹಠ ಹಿಡಿದವನು ಅವನು. ಹಳೆಯದರ ಬೆಲೆ ಬಲ್ಲವನೆಂದು ಬೀಗಿದವನು ನಾನು. ಯಾವುದು ಮೂಲವೆಂಬ ಪ್ರಶ್ನೆಯನ್ನು ನಾನು ಸರಿಯಾಗಿ ಕೇಳಿಕೊಂಡೇ ಇರಲಿಲ್ಲ. ಬಂಡಿ ನನ್ನ ಬಳಿಯಿದ್ದದ್ದು ಎಂಟು ವರ್ಷ, ತಮ್ಮನ ಬಳಿ ಇಪ್ಪತ್ತನಾಲ್ಕು ವರ್ಷ. ನಾನು ಉಳಿಸಲು ಹೊರಟದ್ದು ನನ್ನ ಎಂಟು ವರ್ಷಗಳನ್ನು. ಅವನ ಇಪ್ಪತ್ತನಾಲ್ಕು ವರ್ಷಗಳಿಗೆ ಉಳಿದಿದ್ದ ಸಾಕ್ಷಿ ಆ ಒರಟು ಕಬ್ಬಿಣವೊಂದೇ. ಅದನ್ನೂ ಕತ್ತರಿಸಿಬಿಟ್ಟಿದ್ದರೆ, ದುಡ್ಡು ತೆಗೆದುಕೊಂಡು ಮಾರಿದ ಬಂಡಿಯನ್ನು ಅವನಿಂದ ಇನ್ನೊಮ್ಮೆ ಕಸಿದುಕೊಂಡಂತೆಯೇ ಆಗುತ್ತಿತ್ತು. ಹೀಗೆಂದು ಆ ದಿನ ಹುಡುಗನಿಗೆ ಹೇಳಲಾಗಲಿಲ್ಲ. ಅವನು ಈ ಭಾಷಣವನ್ನು ಕೇಳುತ್ತಿರಬಹುದು.

ಮಿಸ್ತ್ರಿ ಬೆಸುಗೆಯನ್ನು ಪರೀಕ್ಷಿಸಿ, ಚಾಸಿಗೆ ಪೆಟ್ಟಾಗಿಲ್ಲವೆಂದು ಖಾತ್ರಿಮಾಡಿ, ಕ್ಯಾರಿಯರನ್ನು ಉಜ್ಜಿ ಕಪ್ಪು ಬಣ್ಣ ಕೊಟ್ಟರು. ಮುಂದೆ ತಪಾಸಣೆಯಲ್ಲಿ ಅಧಿಕಾರಿಗಳು ಅದನ್ನು ಬೇಡವೆಂದರೆ ಬೋಲ್ಟು ತೆಗೆದು ಬಿಚ್ಚಿಡಬಹುದಾದಂತೆ ಜೋಡಣೆ ಮಾಡಿದರು. ಬೋರಿಂಗು, ಪಿಸ್ಟನ್, ಕ್ರ್ಯಾಂಕು, ಟೈರು, ವೈರಿಂಗು, ಬಣ್ಣ, ಕ್ರೋಮು, ಕೂಲಿ ಎಲ್ಲ ಸೇರಿ ಮೂವತ್ತಮೂರು ಸಾವಿರದ ಆರುನೂರು ರೂಪಾಯಿ ಆಯಿತು. ನೋಂದಣಿಯನ್ನು ಹುಡುಗನ ಹೆಸರಿಗೆ ವರ್ಗಾಯಿಸಿದೆವು. ಐವತ್ತು ವರ್ಷ ದಾಟಿದ ವಾಹನಕ್ಕೆ ಮಾತ್ರ ಕಾನೂನು ವಿಂಟೇಜ್ ಎಂಬ ಬಿರುದು ಕೊಡುತ್ತದೆ. ನಮ್ಮದಕ್ಕೆ 2041ರ ತನಕ ಕಾಯಬೇಕು. ಲಕ್ಷ ರೂಪಾಯಿಗೆ ಕೇಳಿದವರು ಆಗಲೇ ಇಬ್ಬರು ಬಂದು ಹೋಗಿದ್ದಾರೆ.

ಮೊದಲ ಸವಾರಿಗೆ ರಾಣೆಬೆನ್ನೂರಿನಿಂದ ಹೊರಟೆವು. ಹುಡುಗ ಓಡಿಸಿದ, ನಾನು ಹಿಂದೆ ಕುಳಿತೆ. ಹೆದ್ದಾರಿ ಹಿಡಿದು ಬಂದು ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಕಡೆ ಹೊರಳಿದಾಗ ಗಾಳಿಯಲ್ಲಿ ಒಣಮೆಣಸಿನ ಘಾಟು ತೇಲಿ ಬಂತು. ಬೆನ್ನ ಹಿಂದೆ ಕ್ಯಾರಿಯರಿನ ಸರಳು ಸಣ್ಣಗೆ ಅದುರುತ್ತಿತ್ತು. “ಎಷ್ಟು ಜೋರ ಹೊಡೀಲ್ರಿ ದೊಡ್ಡಪ್ಪಾ?” ಎಂದು ಹುಡುಗ ಕೇಳಿದ. “ನಿಮ್ಮಪ್ಪ ಎಷ್ಟು ಹೊಡೀತಿದ್ದ, ಅಷ್ಟು” ಎಂದೆ. ಅವನು ವೇಗ ತಗ್ಗಿಸಿದ.

ಆ ಇಪ್ಪತ್ತನಾಲ್ಕು ಚೀಟಿಗಳು ಈಗ ನನ್ನ ಮೇಜಿನ ಖಾನೆಯಲ್ಲಿವೆ.

(ಆಕಾಶವಾಣಿಯ ಕೃಪೆಯಿಂದ)