ಬೆಂಕಿ ಹಚ್ಚಿದವನ ಹೊಣೆ

(ತೋಟ ಕಾರ್ಮಿಕರ ಕ್ರೈಸ್ತ ಕೂಟದಲ್ಲಿ ಮಾಡಿದ ಭಾಷಣ)



ಕ್ರಿಸ್ಮಸ್ ಕಳೆದು ಹೊಸ ವರುಷದ ಆರಾಧನೆ ಮುಗಿಯುವಷ್ಟರಲ್ಲಿ ನಮ್ಮ ನೀಲಗಿರಿಯ ಗುಡ್ಡಗಳ ಹುಲ್ಲು ಹಿಮ ಬಿದ್ದು ಒಣಗಿರುತ್ತದೆ. ಫೆಬ್ರವರಿಯಿಂದ ಬೇಸಿಗೆಯ ಮಳೆ ಬರುವ ತನಕ ಬೆಂಕಿಯ ಕಾಲ. ಕಾಡ್ಗಿಚ್ಚು ಅರಣ್ಯ ಇಲಾಖೆಯವರ ಚಿಂತೆ, ನಮಗೇನು ಎಂದು ಕೆಲವರು ಹೇಳುವುದುಂಟು. ನಮ್ಮ ಲೈನ್ ಮನೆಗಳು ಎಲ್ಲಿವೆ ಎಂದು ನೋಡಿರಿ. ಎಷ್ಟೋ ತೋಟಗಳಲ್ಲಿ ಅವು ಚಹಾ ಮುಗಿದು ಕಾಡು ತೊಡಗುವ ಅಂಚಿನಲ್ಲಿಯೇ ಇವೆ. ನಾವು ಕುಡಿಯುವ ನೀರು ಬಹಳ ಕಡೆ ಶೋಲೆ ಕಾಡಿನ ತೊರೆಯದು. ಕಾಡು ಉರಿದರೆ ಹೊಗೆಯೂ, ನೀರಿನ ಬರವೂ, ಮೇವು ಕಳೆದುಕೊಂಡ ಆನೆಯೂ ಮೊದಲು ಬರುವುದು ನಮ್ಮ ಬಾಗಿಲಿಗೆ.

ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಮೋಶೆಯ ಮೂಲಕ ಕೊಟ್ಟ ಒಂದು ವಿಧಿ ಇದೆ. ಒಬ್ಬನು ಹಚ್ಚಿದ ಬೆಂಕಿ ಮುಳ್ಳುಗಿಡಗಳಿಗೆ ತಗುಲಿ ಇನ್ನೊಬ್ಬನ ಬೆಳೆಯನ್ನು ಸುಟ್ಟರೆ, ಹಚ್ಚಿದವನೇ ನಷ್ಟವನ್ನು ತುಂಬಿಕೊಡಬೇಕು. ಗಾಳಿ ಬೀಸಿತು ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ.

2024ರ ಮಾರ್ಚ್ ತಿಂಗಳಲ್ಲಿ ಕೂನೂರಿನ ಬಳಿಯ ಕಾಡು ಹಲವು ದಿನ ಉರಿಯಿತು. ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಒಂದು ತೋಟದಲ್ಲಿ ಒಣ ಕಸಕ್ಕೆ ಹಚ್ಚಿದ ಬೆಂಕಿಯೇ ಕಾಡು ಸೇರಿತೆಂದು ಆಗ ವರದಿಯಾಯಿತು. ತೋಟದಲ್ಲಿ ಕಸ ಸುಡಲು ಹೇಳುವವರು ಒಬ್ಬರು, ಕಡ್ಡಿ ಗೀರುವ ಕೈ ಇನ್ನೊಬ್ಬರದು. ಆ ಕೈ ಸಾಮಾನ್ಯವಾಗಿ ನಮ್ಮದು. ಮೀಸಲು ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅರಣ್ಯ ಕಾನೂನಿನಲ್ಲಿ ಅಪರಾಧ. ಮೇಸ್ತ್ರಿ ಹೇಳಿದರು ಎಂಬ ಮಾತು ನಮ್ಮನ್ನು ಕಾಪಾಡೀತೆಂದು ನಂಬಿ ಕೂರಬಾರದು.

ಆದಕಾರಣ ಒಣಗಾಲದಲ್ಲಿ ಸುಡಬೇಡಿರೆಂದು ನಾವೆಲ್ಲರೂ ಕೂಡಿ ಮರ್ಯಾದೆಯಿಂದ ಹೇಳೋಣ. ಒಬ್ಬರೇ ಹೇಳಿದರೆ ಎದುರು ಮಾತು ಎಂದಾಗುತ್ತದೆ. ಎಲ್ಲರೂ ಹೇಳಿದರೆ ಅದು ಆಲೋಚನೆ ಎಂದಾಗುತ್ತದೆ. ಕವಾತು ಮಾಡಿದ ಚಹಾ ಕಡ್ಡಿಯನ್ನು ಸುಡುವ ಅಗತ್ಯವೇ ಇಲ್ಲ. ಸಾಲುಗಳ ನಡುವೆ ಹರಡಿದರೆ ಅದು ಮಣ್ಣಿನ ತೇವ ಉಳಿಸಿ ಗೊಬ್ಬರವಾಗುತ್ತದೆ.

ಎರಡನೆಯದು, ಬೆಂಕಿ ರೇಖೆ. ತೋಟ ಮತ್ತು ಕಾಡಿನ ನಡುವೆ ಹುಲ್ಲು, ತರಗೆಲೆಗಳನ್ನು ಕೆರೆದು ಬರಿ ಮಣ್ಣು ಕಾಣುವಂತೆ ಮಾಡಿದ ಪಟ್ಟಿ ಇದು. ಇದನ್ನು ಜನವರಿಯೊಳಗೆ ಮುಗಿಸಬೇಕು. ಎಲೆ ಉದುರಿದ ಹಾಗೆಲ್ಲ ಮತ್ತೆ ಗುಡಿಸಬೇಕು. ಅಂಚಿನ ಲಂಟಾನ ಪೊದೆಯನ್ನು ಮೇಲೆ ಕತ್ತರಿಸಿದರೆ ಚಿಗುರುತ್ತದೆ. ಬುಡದ ಕೆಳಗೆ ಬೇರು ಕಡಿದು ಕೀಳಬೇಕು. ನೆಲದ ಬೆಂಕಿ ಮರದ ತಲೆಗೆ ಏರುವುದಕ್ಕೆ ಒಣ ಲಂಟಾನವೇ ಏಣಿ. ಈ ಕೆಲಸ ತೋಟದ ಕೆಲಸ. ಇದನ್ನು ದಿನಗೂಲಿಯ ಲೆಕ್ಕದಲ್ಲಿ ಮಾಡಿಸಿರೆಂದು ನಾವು ಕೇಳುವುದು ನ್ಯಾಯ.

ಮೂರನೆಯದು ನಮ್ಮ ಅಂಗಳ; ಇದಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಸೌದೆಯನ್ನು ಗೋಡೆಗೆ ಒತ್ತಿ ಒಟ್ಟಬಾರದು. ಮಾಡಿನ ಮೇಲೆ ಬಿದ್ದ ಸಿಲ್ವರ್ ಓಕ್, ನೀಲಗಿರಿ ಮರದ ಎಲೆಗಳನ್ನು ವಾರಕ್ಕೊಮ್ಮೆ ಇಳಿಸಬೇಕು. ಒಲೆಯ ಬೂದಿಗೆ ನೀರು ಹಾಕಿ, ಕೈಗೆ ತಣ್ಣಗಾದ ಮೇಲೆಯೇ ಚೆಲ್ಲಬೇಕು. ಸೌದೆಗೆ ಹೋದಾಗ ಬೀಡಿಯ ತುಂಡನ್ನು ಮಣ್ಣಿನಲ್ಲಿ ಒರಸಿ ಆರಿಸಬೇಕು.

ಇಷ್ಟಾದರೂ ಬೆಂಕಿ ಬಂದರೆ? ಬೆಂಕಿ ಇಳಿಜಾರಿನಲ್ಲಿ ಕೆಳಗಿಂದ ಮೇಲಕ್ಕೆ ವೇಗವಾಗಿ ಓಡುತ್ತದೆ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಬೆಂಕಿಯ ನಡುವೆ ಸಿಕ್ಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆದ್ದರಿಂದ ಬೆಂಕಿಯ ಮೇಲ್ಭಾಗದಲ್ಲಿ ಎಂದೂ ನಿಲ್ಲಬಾರದು. ಪಕ್ಕಕ್ಕೆ ಸರಿಯಬೇಕು, ಆಗಲೇ ಸುಟ್ಟು ಆರಿದ ನೆಲ ಸಿಕ್ಕಿದರೆ ಅಲ್ಲಿ ನಿಲ್ಲಬಹುದು. ಮೊಣಕಾಲೆತ್ತರಕ್ಕೂ ಬಾರದ ಹುಲ್ಲು ಬೆಂಕಿಯನ್ನು ಹಸಿರು ಕೊಂಬೆಯಿಂದ ಬದಿಯಿಂದ ಬಡಿಯಬಹುದು, ಒಬ್ಬರೇ ಅಲ್ಲ, ನೈಲಾನ್ ಬಟ್ಟೆ ತೊಟ್ಟೂ ಅಲ್ಲ. ಅದಕ್ಕಿಂತ ದೊಡ್ಡದಾದರೆ 101 ಅಥವಾ 112ಕ್ಕೆ ಫೋನು ಮಾಡಿ, ಮಕ್ಕಳನ್ನೂ ಮುದುಕರನ್ನೂ ಮೊದಲು ಹೊರಡಿಸಬೇಕು. ಯಾವ ಲೈನಿನಲ್ಲಿ ನಡೆಯಲಾರದ ಅಜ್ಜಿ ಇದ್ದಾರೆ, ಅವರನ್ನು ಎತ್ತಿಕೊಳ್ಳುವವರು ಯಾರು ಎಂಬುದನ್ನು ಈಗಲೇ ಗೊತ್ತು ಮಾಡಿಕೊಳ್ಳೋಣ.

ಪ್ರಿಯರೇ, ಈ ಮಣ್ಣು ನಮ್ಮ ಹೆಸರಿನಲ್ಲಿಲ್ಲ. ಆದರೂ ಇದರ ಮೇಲೆ ನಮ್ಮ ಹಿರಿಯರ ಬೆವರು ಬಿದ್ದಿದೆ, ನಮ್ಮ ಮಕ್ಕಳು ಇಲ್ಲಿಯೇ ಮಲಗುತ್ತಾರೆ. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ದುಡಿಯುವುದಕ್ಕೂ ಕಾಯುವುದಕ್ಕೂ. ದುಡಿಮೆಯನ್ನು ನಾವು ಬಲ್ಲೆವು. ಕಾಯುವುದನ್ನೂ ಕೂಡಿ ಮಾಡೋಣ. ಬರುವ ಭಾನುವಾರ ಆರಾಧನೆಯಾದ ಮೇಲೆ ಪ್ರತಿ ಮನೆಯಿಂದ ಒಬ್ಬರು ಪೊರಕೆ, ಕತ್ತಿ ಹಿಡಿದು ಲೈನಿನ ಹಿಂಬದಿಗೆ ಬನ್ನಿರಿ. ಕರ್ತನು ನಮ್ಮ ಮನೆಗಳನ್ನೂ ಕಾಡನ್ನೂ ಕಾಪಾಡಲಿ. ಆಮೆನ್.