ನಮ್ಮ ಮಾತು ಅಚ್ಚಾಗಲಿ
(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇವೆ. ನಿಮ್ಮ ಸಂಘಗಳಲ್ಲಿ ಉಳಿತಾಯದ ಪುಸ್ತಕ ಇದೆ, ಠರಾವು ಪುಸ್ತಕ ಇದೆ. ಆದರೆ ಊರಿಗೆ ಏನಾದರೂ ಹೇಳಬೇಕಾದಾಗ ಬಾಯಿಂದ ಹೇಳುತ್ತೇವೆ, ಇಲ್ಲವೇ ಮೊಬೈಲಿನಲ್ಲಿ ಕಳಿಸುತ್ತೇವೆ. ಬಾಯಿ ಮಾತನ್ನು ‘ನಾವು ಕೇಳೇ ಇಲ್ಲ’ ಅಂದುಬಿಡಬಹುದು. ಅಚ್ಚಾದ ಕಾಗದಕ್ಕೆ ಹಾಗೆ ಅನ್ನೋದು ಕಷ್ಟ.

ಹಿಂದೆ ನಮ್ಮ ಪೇಟೆಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ ಎಲ್ಲವೂ ಮೊಳೆ ಅಚ್ಚಿನಲ್ಲೇ ಆಗುತ್ತಿದ್ದವು. ಒಂದೊಂದು ಅಕ್ಷರವೂ ಸೀಸದಲ್ಲಿ ಎರಕ ಹೊಯ್ದ ಒಂದೊಂದು ಮೊಳೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತಕ್ಷರ ಬೇರೆ, ಹೀಗಾಗಿ ಮೊಳೆಯ ಖಾನೆಗಳೂ ಬಹಳ. ಜೋಡಿಸುವವರು ನಿಂತುಕೊಂಡೇ ಒಂದೊಂದನ್ನೂ ಆರಿಸಿ ಸಾಲು ಮಾಡಬೇಕು, ಚೌಕಟ್ಟಿನಲ್ಲಿ ಬಿಗಿಯಬೇಕು, ಮಸಿ ಹಚ್ಚಿ ಒಂದು ಕರಡು ತೆಗೆದು ತಪ್ಪು ತಿದ್ದಬೇಕು. ಆಮೇಲೆ ಕಾಲಿನಿಂದ ತುಳಿಯುವ ಟ್ರೆಡಲ್ ಮಷಿನ್ನು ಒಂದೊಂದೇ ಹಾಳೆ ಒತ್ತುತ್ತಿತ್ತು. ಕೆಲಸ ಮುಗಿದ ಮೇಲೆ ಮೊಳೆಗಳನ್ನು ತೊಳೆದು ಮತ್ತೆ ಅದದೇ ಖಾನೆಗೆ ಹಾಕಬೇಕು. ಇವತ್ತು ಮದುವೆಗೆ ಬಂದ ಮೊಳೆ ನಾಳೆ ತಿಥಿಗೆ ಬೇಕಲ್ರೀ! ಇಷ್ಟು ಶ್ರಮ ಇದ್ದುದರಿಂದ ಯಾರೂ ಬೇಡದ ಶಬ್ದ ಹಾಕಿಸುತ್ತಿರಲಿಲ್ಲ. ಈಗ ಕಂಪ್ಯೂಟರ್, ಆಫ್‌ಸೆಟ್ ಬಂದು ಆ ಮೊಳೆಗಳು ಬಹುತೇಕ ಮೂಲೆ ಸೇರಿವೆ. ಶಬ್ದ ತೂಗಿ ಬಳಸುವ ಆ ರೂಢಿ ಮಾತ್ರ ನಮಗೆ ಬೇಕು.

ಈ ಸೀಸದ ಮೊಳೆ ಬಡವರ ಮಾತಿಗೆ ಏನು ಮಾಡಿತು ನೋಡ್ರಿ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ನಿಮಗೆಲ್ಲ ಗೊತ್ತು, ಅಂಬಿಗರ ಚೌಡಯ್ಯನವರ ಊರು. ದೋಣಿ ನಡೆಸುವವರ ಮಾತು, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮನ ಮಾತು ನೂರಾರು ವರ್ಷ ತಾಳೆಗರಿಯಲ್ಲಿ, ಎಲ್ಲೋ ಮಠ-ಮನೆಗಳ ಗಂಟಿನಲ್ಲಿ ಕೂತಿದ್ದವು. ವಿಜಾಪುರದ ವಕೀಲರು ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಗರಿಗಳನ್ನು ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಅವರು ವಾಸದ ಮನೆಯನ್ನೇ ಮಾರಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯ ಹಾಕಿದರು. ಮನೆ ಮಾರಿ ಹೊಲ ಕೊಂಡವರನ್ನು ನೋಡಿದ್ದೇವೆ, ಮನೆ ಮಾರಿ ಅಚ್ಚಿನ ಯಂತ್ರ ಕೊಂಡವರು ಎಷ್ಟು ಮಂದಿ? ದುಡಿಯುವ ಹೆಂಗಸು ಗಂಡನಿಗೆ ಬುದ್ಧಿ ಹೇಳಿದ ಮಾತು ಇವತ್ತು ಶಾಲೆಯ ಪಾಠದಲ್ಲಿ ಇದ್ದರೆ ಅದಕ್ಕೆ ಇಂಥ ಕೆಲಸವೇ ಕಾರಣ.

ಹೆಂಗಸರೂ ಹಿಂದೆ ಬಿದ್ದಿಲ್ಲ. ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. ಆ ಕಾಲದಲ್ಲಿ ವಿಧವೆ ಮೂಲೆ ಬಿಟ್ಟು ಹೊರಗೆ ಬರುವುದೇ ಕಷ್ಟ. ಆಕೆ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಶುರುಮಾಡಿ ತಾವೇ ಪುಸ್ತಕ ಪ್ರಕಟಿಸಿದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಇನ್ನು ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆ. ಅಲ್ಲಿ ಸಾಕ್ಷರತಾ ಪುಸ್ತಕದಲ್ಲಿ ಸಾರಾಯಿಯಿಂದ ಹಾಳಾದ ಸಂಸಾರದ ಪಾಠ ಇತ್ತು. ಅಕ್ಷರ ಕಲಿಯಲು ಬಂದ ಹೆಂಗಸರು ‘ಇದು ನಮ್ಮ ಮನೆ ಕತೆ’ ಎಂದು ಎದ್ದು, ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು. ನಮ್ಮ ರಾಜ್ಯದಲ್ಲಿ ನಿಂತದ್ದು 2007ರಲ್ಲಿ.

ಒಂದು ಮಾತು ಗಮನಿಸಿ. 1867ರ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಿಸಿದವರ ಹೆಸರು, ಸ್ಥಳ ಇರಲೇಬೇಕಿತ್ತು. ಅದು ಬ್ರಿಟಿಷರ ಕಾಲದ ಕಾಯ್ದೆ. 2023ರಲ್ಲಿ ಆ ಜಾಗಕ್ಕೆ ಬೇರೆ ಕಾಯ್ದೆ ಬಂತು. ಆದರೂ ಹೆಸರು ಹಾಕುವುದು ಒಳ್ಳೆಯದೇ, ಯಾಕಂದ್ರೆ ಕೇಳಿದರೆ ಉತ್ತರ ಕೊಡುವವರು ಇದ್ದಾರೆ ಎಂದು ಓದುವವರಿಗೆ ತಿಳಿಯುತ್ತದೆ. ಮೊಬೈಲಿನಲ್ಲಿ ಬರುವ ಸುದ್ದಿಗೆ ಅಪ್ಪ-ಅವ್ವ ಯಾರು ಹೇಳಿ?

ಅಚ್ಚಿನ ಅಂಗಡಿಗೂ ಜವಾಬ್ದಾರಿ ಇದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದೆಯೇ ಎಂದು ದಾಖಲೆ ನೋಡಿಯೇ ಲಗ್ನಪತ್ರಿಕೆ ಅಚ್ಚು ಹಾಕಬೇಕೆಂದು ರಾಜ್ಯದ ಹಲವು ಕಡೆ ಅಧಿಕಾರಿಗಳು ಪ್ರೆಸ್ಸಿನವರಿಗೆ ಹೇಳಿದ್ದಾರೆ. ನಿಮ್ಮ ಪೇಟೆಯ ಪ್ರೆಸ್ಸಿಗೆ ನಾಲ್ಕು ಜನ ಹೋಗಿ ಕೇಳಿರಿ, ‘ನೀವು ನೋಡ್ತೀರೇನ್ರೀ?’ ಅಂತ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಿ.

ಈಗ ನಮ್ಮ ಕರಪತ್ರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕಂದಿರೇ, ‘ಮಹಿಳಾ ಕಾರ್ಮಿಕರ ಶೋಷಣೆಯ ವಿರುದ್ಧ’ ಅಂತ ದೊಡ್ಡ ಶಬ್ದ ಬರೆದರೆ ಯಾರಿಗೆ ನಾಟುತ್ತದೆ? ‘ನಾವು ಬಿಡಿಸಿದ ಕಾಯಿ ನಮ್ಮೆದುರೇ ತೂಗಿರಿ’ ಎಂದು ಬರೆಯಿರಿ. ಓದಿದವರಿಗೂ ತಿಳಿಯುತ್ತದೆ, ತೂಗುವವರಿಗೂ ತಿಳಿಯುತ್ತದೆ. ರಾಣೆಬೆನ್ನೂರು ಕಡೆಯವರು ಬೀಜೋತ್ಪಾದನೆಯ ಹೊಲಕ್ಕೆ ಹೋಗಿ ಶಾಲೆ ತಪ್ಪಿಸುವ ಹುಡುಗಿಯರ ಬಗ್ಗೆ ಬರೆಯಬಹುದು. ಯಾರದೇ ಹೆಸರು ಹಿಡಿದು ಬೈಯುವುದು ಬೇಡ. ಕೆಳಗೆ ಸಂಘದ ಹೆಸರು ಇರಲಿ. ಅಚ್ಚಿಗೆ ಕೊಡುವ ಮುಂಚೆ ಓದು ಬಾರದ ಸದಸ್ಯೆಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಅವರು ‘ಏನಂದ್ರಿ?’ ಅಂತ ಕೇಳಿದ ಕಡೆ ತಿದ್ದಿರಿ. ಕರಡು ನೋಡದೆ ಹಣ ಕೊಡಬೇಡಿ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರೂ ನಾಲ್ಕು ಸಾಲು ಬರೆದುಕೊಂಡು ಬನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.