ಅಗಲಿಕೆಯ ದುಃಖ ಮತ್ತು ಎಳೆಯ ಮಕ್ಕಳು

(ಮುಂಬಯಿಯ ಶಾಖಾ ಮಠದಲ್ಲಿ ಮಾತೃಮಂಡಳಿಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಶ್ರೀಮದ್ಭಾಗವತದ ಪ್ರಥಮ ಸ್ಕಂಧದಲ್ಲಿ ನಾರದರು ವೇದವ್ಯಾಸದೇವರ ಮುಂದೆ ತಮ್ಮ ಹಿಂದಿನ ಜನ್ಮದ ವೃತ್ತಾಂತವನ್ನು ನಿವೇದಿಸುತ್ತಾರೆ. ಆಗ ಅವರು ದಾಸಿಯೊಬ್ಬಳ ಏಕಮಾತ್ರ ಪುತ್ರ, ವಯಸ್ಸು ಐದು. ರಾತ್ರಿ ಹಸುವಿನ ಹಾಲು ಕರೆಯಲು ಹೊರಟ ತಾಯಿಯನ್ನು ದಾರಿಯಲ್ಲಿ ಸರ್ಪ ಕಚ್ಚಿತು, ಆಕೆ ಮೃತಳಾದಳು. ಅದನ್ನೂ ಭಗವಂತನ ಅನುಗ್ರಹವೆಂದು ಭಾವಿಸಿ ಉತ್ತರ ದಿಕ್ಕಿಗೆ ನಡೆದ ಆ ಚೇತನ ಸಾಮಾನ್ಯವಾದುದಲ್ಲ. ನಮ್ಮ ಮನೆಯ ಐದು ವರ್ಷದ ಮಗುವಿನಿಂದ ಆ ವೈರಾಗ್ಯವನ್ನು ನಿರೀಕ್ಷಿಸುವುದು ಉಚಿತವಲ್ಲ. ಆದರೆ ಒಂದು ಅಂಶ ಗಮನಾರ್ಹ. ಪುರಾಣವು ಸಾವನ್ನು ಮರೆಮಾಚಲಿಲ್ಲ. ಏನಾಯಿತು, ಹೇಗಾಯಿತು ಎಂಬುದನ್ನು ನೇರವಾಗಿಯೇ ಹೇಳಿತು. ನಾವು ಮಾತ್ರ ಮಕ್ಕಳಿಂದ ಅದನ್ನು ಮುಚ್ಚಿಡುತ್ತೇವೆ.

ಮನೆಯಲ್ಲಿ ಒಬ್ಬರು ತೀರಿಕೊಂಡೊಡನೆ ಮಗುವನ್ನು ಪಕ್ಕದ ಮನೆಗೆ ಕಳುಹಿಸುತ್ತೇವೆ. ಕೇಳಿದರೆ 'ಅಜ್ಜ ಊರಿಗೆ ಹೋಗಿದ್ದಾರೆ', 'ಮಲಗಿದ್ದಾರೆ', 'ಕೃಷ್ಣ ಕರೆದುಕೊಂಡ' ಎನ್ನುತ್ತೇವೆ. ಉದ್ದೇಶ ಕರುಣೆಯದೇ. ಆದರೆ ಎಳೆಯ ಮಗು ಮಾತನ್ನು ಅಕ್ಷರಶಃ ಗ್ರಹಿಸುತ್ತದೆ. ಊರಿಗೆ ಹೋದವರು ಬಂದೇ ಬರುವರೆಂದು ಬಾಗಿಲು ಕಾಯುತ್ತದೆ. ಮಲಗಿದರೆ ತಾನೂ ಏಳಲಾರೆನೆಂದು ನಿದ್ದೆಗೆ ಹೆದರುತ್ತದೆ. ನಾಳೆ ಅಮ್ಮನನ್ನೂ ಕರೆದುಕೊಂಡಾನೆಂದು, ಪ್ರೀತಿಯಿಂದ ಕೈಮುಗಿಯಬೇಕಾದ ಕೃಷ್ಣನಿಗೇ ಅಂಜುತ್ತದೆ.

ಹಿರಿಯರ ವಿಷಯದಲ್ಲಿ 'ಸತ್ತರು' ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ, ನಿಜ. ಆದರೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಮ್ಮೆ ಸ್ಪಷ್ಟವಾಗಿ ಹೇಳಬೇಕು: 'ಅಜ್ಜನಿಗೆ ತುಂಬಾ ಕಾಯಿಲೆಯಾಗಿತ್ತು. ಅವರ ಶರೀರ ಕೆಲಸ ಮಾಡುವುದನ್ನು ನಿಲ್ಲಿಸಿತು. ಅವರು ಸತ್ತುಹೋದರು. ಈಗ ಆ ಶರೀರಕ್ಕೆ ಉಸಿರಿಲ್ಲ, ಹಸಿವಿಲ್ಲ, ನೋವಿಲ್ಲ. ಅಜ್ಜ ಮತ್ತೆ ಮನೆಗೆ ಬರುವುದಿಲ್ಲ. ನಿನ್ನನ್ನು ನೋಡಿಕೊಳ್ಳಲು ನಾವಿದ್ದೇವೆ.' ಶರೀರ ಅನಿತ್ಯ, ಜೀವ ನಿತ್ಯ, ಆ ಜೀವ ಸದಾ ಹರಿಯ ಅಧೀನ ಎಂಬ ನಮ್ಮ ಸಿದ್ಧಾಂತವನ್ನು ಇದಾದ ಮೇಲೆ ಹೇಳೋಣ. ಸತ್ಯದ ತಳಹದಿಯ ಮೇಲೆ ನಿಂತ ಸಾಂತ್ವನ ಮಾತ್ರ ಉಳಿಯುತ್ತದೆ.

ಐದಾರು ವರ್ಷದೊಳಗಿನ ಬಹುಪಾಲು ಮಕ್ಕಳಿಗೆ ಸಾವು ಶಾಶ್ವತವೆಂಬ ಅರಿವು ಪೂರ್ಣವಾಗಿ ಬಂದಿರುವುದಿಲ್ಲ. ಆದುದರಿಂದಲೇ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತವೆ. ಹತ್ತು ಸಲವೂ ಅದೇ ಉತ್ತರವನ್ನು ಬೇಸರಿಸದೆ ಕೊಡಬೇಕು. 'ನಾನು ಹಟ ಮಾಡಿದ್ದರಿಂದಲೇ ಹೀಗಾಯಿತು' ಎಂಬ ಅಳುಕನ್ನೂ ಕೆಲವು ಮಕ್ಕಳು ಯಾರಿಗೂ ಹೇಳದೆ ಹೊತ್ತಿರುತ್ತವೆ. 'ಇದು ನಿನ್ನಿಂದ ಆದುದಲ್ಲ' ಎಂದು ಮಗು ಕೇಳದಿದ್ದರೂ ನಾವೇ ಹೇಳಬೇಕು.

ಮಕ್ಕಳ ದುಃಖ ದೊಡ್ಡವರದರಂತೆ ಒಂದೇ ಸಮನೆ ಹರಿಯುವುದಿಲ್ಲ. ಈಗ ಅತ್ತ ಮಗು ಮರುಗಳಿಗೆ ಆಡಲು ಓಡುತ್ತದೆ. 'ಇದಕ್ಕೇನೂ ಅರ್ಥವಾಗಿಲ್ಲ' ಎಂದು ತಿಳಿಯುವುದು ತಪ್ಪು. ಬೆರಳು ಚೀಪುವುದು, ಹಾಸಿಗೆ ಒದ್ದೆ ಮಾಡುವುದು, ತಾಯಿಯ ಸೆರಗು ಬಿಡದಿರುವುದು ಮರಳಿ ಬರಬಹುದು, ಗದರಿಸಬಾರದು. 'ಗಂಡುಮಗ ಅಳಬಾರದು, ಇನ್ನು ನೀನೇ ಮನೆಯ ಯಜಮಾನ' ಎಂಬ ಭಾರವನ್ನು ಎಳೆಯ ಹೆಗಲ ಮೇಲೆ ಹೊರಿಸಬಾರದು. ಊಟ, ಶಾಲೆ, ಮಲಗುವಾಗಿನ ಕಥೆ ಸಾಧ್ಯವಾದಷ್ಟು ಎಂದಿನ ವೇಳೆಗೇ ನಡೆಯಲಿ. ವೈಕುಂಠ ಸಮಾರಾಧನೆಯ ದಿನ ಎಲೆ ಹಾಕುವ ಪುಟ್ಟ ಕೆಲಸವನ್ನು ಅದಕ್ಕೂ ಕೊಡಿ. ವರ್ಷವರ್ಷವೂ ತಿಥಿಯಂದು ಅಗಲಿದವರ ಒಂದು ನೆನಪನ್ನು ಹೇಳಿ. ನೆನೆಯಲು ಅನುಮತಿಯಿದೆ ಎಂಬುದು ಮಗುವಿಗೆ ತಿಳಿಯಬೇಕು.

ಸಾವು ಹಿಂಸೆಯಿಂದ, ಅಪಘಾತದಿಂದ ಎರಗಿದಾಗ ಮಗುವಿನಲ್ಲಿ ದುಃಖದೊಡನೆ ಭೀತಿಯೂ ಸೇರುತ್ತದೆ. 2008ರ ನವೆಂಬರ್‌ನಲ್ಲಿ ನಮ್ಮದೇ ನಗರದ ನಾರಿಮನ್ ಹೌಸಿನಲ್ಲಿ ತಂದೆ ತಾಯಿಯರಿಬ್ಬರನ್ನೂ ಕಳೆದುಕೊಂಡ ಎಳೆಯ ಬಾಲಕ ಮೋಶೆಯನ್ನು ಅವನ ದಾದಿ ಸಾಂಡ್ರಾ ಸ್ಯಾಮ್ಯುಯೆಲ್ ಎತ್ತಿಕೊಂಡು ಹೊರತಂದರು. ಅಷ್ಟಕ್ಕೇ ನಿಲ್ಲದೆ, ಅಜ್ಜ ಅಜ್ಜಿಯರ ಆಶ್ರಯಕ್ಕೆ ಹೊರಟ ಅವನೊಡನೆ ಇಸ್ರೇಲಿಗೂ ಹೋದರು. ಎಲ್ಲವೂ ಅಪರಿಚಿತವಾದಾಗ ಪರಿಚಿತವಾದ ಒಂದು ಮಡಿಲು ಉಳಿಯುವುದೇ ಮಗುವಿಗೆ ದೊಡ್ಡ ಆಸರೆ. ಇಂಥ ಮಗುವನ್ನು ಮನೆಯಿಂದ ಮನೆಗೆ ಸಾಗಿಸಬಾರದು. ಬಂದವರ ಮುಂದೆಲ್ಲ ನಡೆದುದನ್ನು ಹೇಳಿಸಬಾರದು. ತಾನಾಗಿ ಹೇಳಿದಾಗ ಕೇಳಬೇಕು. ಟಿ.ವಿ.ಯಲ್ಲಿ ಅದೇ ದೃಶ್ಯಗಳು ಮರಳಿ ಬರುತ್ತಿದ್ದರೆ ಆರಿಸಬೇಕು.

ದುಃಸ್ವಪ್ನ, ನಿದ್ದೆಗೇಡು, ಊಟ ಆಟಗಳಲ್ಲಿ ನಿರಾಸಕ್ತಿ ತಿಂಗಳು ಕಳೆದರೂ ಇಳಿಯದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. 'ನಾನೂ ಅಜ್ಜನ ಬಳಿಗೆ ಹೋಗುತ್ತೇನೆ' ಎಂದು ಪದೇ ಪದೇ ಹೇಳಿದರೆ ತಡಮಾಡಲೇಬಾರದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಉಚಿತ ಸಲಹೆ ದೊರೆಯುತ್ತದೆ. ಜ್ವರಕ್ಕೆ ವೈದ್ಯರನ್ನು ಕಾಣಲು ಇಲ್ಲದ ಸಂಕೋಚ ಇಲ್ಲೇಕೆ?

ಕೊನೆಯದಾಗಿ ಒಂದು ಮಾತು. ಮಗುವಿಗೆ ಕಾಣಬಾರದೆಂದು ನಾವು ಅಡುಗೆಮನೆಯಲ್ಲಿ ಕಣ್ಣೊರಸಿಕೊಳ್ಳುತ್ತೇವೆ. ಅದರ ಎದುರಿಗೇ ಅತ್ತು, 'ನನಗೂ ಅಜ್ಜನ ನೆನಪಾಯಿತು' ಎಂದು ಹೇಳಿ, ಮತ್ತೆ ಎದ್ದು ದೇವರಿಗೆ ದೀಪ ಹಚ್ಚಿದರೆ ತಪ್ಪೇನಿಲ್ಲ. ಅಳುವುದನ್ನೂ, ಅತ್ತ ಮೇಲೆ ಏಳುವುದನ್ನೂ ಮಕ್ಕಳು ಕಲಿಯುವುದು ನಮ್ಮನ್ನು ನೋಡಿಯೇ.

॥ ಶ್ರೀ ಕೃಷ್ಣಾರ್ಪಣಮಸ್ತು ॥